ಕಾವಲಿನ ಬೆಟ್ಟ, ಕಾಯಕದ ಮಠ

ಹೆಗ್ಗನಹಳ್ಳಿಯ ಒತ್ತೊತ್ತಾದ ಮನೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಕೆಳದಿಯ ಅರಸರೆಂದರೆ ಪರೀಕ್ಷೆಗೆ ಬೇಕಾದ ಹೆಸರುಗಳು ಮಾತ್ರ. ಆ ಹೆಸರುಗಳಿಗೆ ಜೀವ ಬರಬೇಕಾದರೆ ಅವರನ್ನು ಒಮ್ಮೆ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಕರೆದೊಯ್ಯಬೇಕು.

ಭುವನಗಿರಿಯೆಂಬ ಹೆಸರೂ ಉಳ್ಳ ಈ ಬೆಟ್ಟ ಮೊದಲಿಗೆ ಸೈನ್ಯದ ನೆಲೆ. ಕಾವಲುದುರ್ಗವೇ ಕವಲೇದುರ್ಗವಾಯಿತೆಂದು ಹೇಳುವುದುಂಟು. ದಟ್ಟವಾದ ಕಾಡಿನ ನಡುವೆ ಒಂದರೊಳಗೊಂದರಂತೆ ಮೂರು ಸುತ್ತಿನ ಕಲ್ಲಿನ ಕೋಟೆ. ಮಹಾದ್ವಾರಗಳ ಪಕ್ಕದಲ್ಲಿ ಕಾವಲಿನವರ ಕೋಣೆಗಳು. ಗಾರೆಯ ಹಂಗಿಲ್ಲದೆ ಜೋಡಿಸಿದಂತೆ ಕಾಣುವ ಆ ಬಂಡೆಗಳನ್ನು ಕಂಡಾಗ, ಹೆಸರಿಲ್ಲದ ಶಿಲ್ಪಿಗಳ ಕಾಯಕಕ್ಕೆ ನಾವು ಮನಸ್ಸಿನಲ್ಲಿಯೇ ಶರಣೆಂದೆವು.

ಈ ನೆಲೆಯನ್ನು ಊರಾಗಿಸಿದವನು 1629ರವರೆಗೆ ಆಳಿದ ಹಿರಿಯ ವೆಂಕಟಪ್ಪನಾಯಕ. ಅರಮನೆ, ಬೊಕ್ಕಸ, ಕಣಜ, ಆನೆ ಕುದುರೆಗಳ ಲಾಯ, ಕೊಳಗಳನ್ನು ಕಟ್ಟಿಸಿದ ಆ ವೀರಶೈವ ಅರಸನು ಅಷ್ಟಕ್ಕೇ ತೃಪ್ತನಾಗಲಿಲ್ಲ. ಜಂಗಮ ಸಮೂಹಕ್ಕಾಗಿ ಮಹತ್ತಿನ ಮಠವನ್ನು ಸ್ಥಾಪಿಸಿದನು. ಅದರೊಂದಿಗೆ ಅಗ್ರಹಾರವನ್ನೂ ನಿರ್ಮಿಸಿದನು. ಶೃಂಗೇರಿ ಮಠಕ್ಕೂ ಅವನ ಆಶ್ರಯವಿತ್ತು. ಸ್ವಧರ್ಮದಲ್ಲಿ ನಿಷ್ಠೆ, ಪರಧರ್ಮದಲ್ಲಿ ಗೌರವ ಇವೆರಡೂ ಒಂದೇ ಎದೆಯಲ್ಲಿ ಇರಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

1763ರಲ್ಲಿ ಹೈದರನು ಬಿದನೂರನ್ನು ಗೆದ್ದನು; ಕೆಳದಿಯ ರಾಜ್ಯ ಮುಗಿಯಿತು. ಹಿಂದೆ ಕವಲೇದುರ್ಗದ ಹೆಸರಿನಲ್ಲಿಯೇ ಇದ್ದ ತಾಲ್ಲೂಕು ಮುಂದೆ ತೀರ್ಥಹಳ್ಳಿಯ ಹೆಸರನ್ನು ಪಡೆಯಿತು. ಅರಮನೆಯಿದ್ದಲ್ಲಿ ಈಗ ಜಗಲಿ, ಅಡುಗೆಮನೆಯ ಕಲ್ಲಿನ ಒಲೆ, ಮೆಟ್ಟಿಲುಗಳ ಕೊಳ ಮಾತ್ರ ಉಳಿದಿವೆ. ಬೆಟ್ಟದ ಮೇಲೆ ಕಾಶೀವಿಶ್ವನಾಥನ ಗುಡಿಯಿದೆ. ಬುಡದಲ್ಲಿ ಗದ್ದೆ ತೋಟಗಳ ಸಣ್ಣ ಹಳ್ಳಿಯಿದೆ. ಮಹತ್ತಿನ ಮಠದ ಪರಂಪರೆಯೂ ಅಳಿದಿಲ್ಲ.

ಬಂಧುಗಳೇ, ಇಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. ಆಯುಧವನ್ನು ನಂಬಿದ ಕಾವಲು ಬಾಳಲಿಲ್ಲ. ಅನ್ನ, ಅರಿವು, ಆಚಾರಗಳನ್ನು ನಂಬಿದ ಗುರುಪೀಠ ಸುಮಾರು ನಾಲ್ಕು ಶತಮಾನಗಳಿಂದ ಬಾಳಿದೆ. ಆದರೆ ಪೀಠವೂ ತಾನಾಗಿ ಉಳಿಯುವುದಿಲ್ಲ. ಬರುವ ಭಕ್ತರಿಂದ, ನೆನೆಯುವ ಮನೆಗಳಿಂದ ಉಳಿಯುತ್ತದೆ. ನಗರಕ್ಕೆ ಬಂದ ನಾವು ಊರಿನ ಮಠದ ದಾರಿಯನ್ನು ಮರೆತರೆ ನಮ್ಮ ಮಕ್ಕಳಿಗೆ ಅದನ್ನು ತೋರಿಸುವವರು ಯಾರು?

ಹೋದವರು ಕಲ್ಲಿನ ಮೇಲೆ ತಮ್ಮ ಹೆಸರು ಕೊರೆಯದಿರಲಿ, ಪ್ಲಾಸ್ಟಿಕ್ ಬಿಸುಡದಿರಲಿ. ಹಿಂದಿರುಗುವಾಗ ಮಠಕ್ಕೆ ನಮಿಸಿ, ದಾಸೋಹಕ್ಕೆ ಒಂದು ಹಿಡಿ ಅಕ್ಕಿಯನ್ನು ಮಕ್ಕಳ ಕೈಯಿಂದಲೇ ಸಲ್ಲಿಸಲಿ. ಕಾವಲೆಂದರೆ ಇದೇ.