ವಾಟ್ಸನ್ ಹೋಟೆಲಿನ ಮೆಟ್ಟಿಲುಗಳು

‘ಫೋರ್ಟಿಗೆ ಹೋಗಿಬರುತ್ತೇನೆ’ ಎಂದು ನಾವು ನಿತ್ಯವೂ ಹೇಳುತ್ತೇವೆ. ಆದರೆ ಆ ಕೋಟೆಯೆಲ್ಲಿ ಎಂದು ಎಂದಾದರೂ ಕೇಳಿಕೊಂಡಿದ್ದೇವೆಯೆ? ಚರ್ಚ್‌ಗೇಟಿನಲ್ಲಿ ಇಳಿದು ಕಚೇರಿಗೆ ಧಾವಿಸುವ ಗುಮಾಸ್ತರಲ್ಲಿ ಆ ‘ಗೇಟು’ ಎಲ್ಲಿದೆಯೆಂದು ಹುಡುಕಿದವರೆಷ್ಟು ಮಂದಿ? ಒಂದಾನೊಂದು ಕಾಲದಲ್ಲಿ ಮುಂಬಯಿ ನಗರವು ಪ್ರಾಕಾರದೊಳಗಿನ ಪಟ್ಟಣವಾಗಿತ್ತು. ಅದಕ್ಕೆ ಚರ್ಚ್ ಗೇಟ್, ಅಪೊಲೊ ಗೇಟ್, ಬಝಾರ್ ಗೇಟ್ ಎಂಬ ಮೂರು ಮಹಾದ್ವಾರಗಳಿದ್ದವು. 1860ರ ದಶಕದಲ್ಲಿ ಸರ್ ಬಾರ್ಟ್ಲ್ ಫ್ರಿಯರ್ ರಾಜ್ಯಪಾಲನಾಗಿದ್ದಾಗ ಆ ಗೋಡೆಗಳನ್ನು ಕೆಡವಲಾಯಿತು. ಇಂದಿನ ಹುತಾತ್ಮ ಚೌಕದ ಕಾರಂಜಿಯ ಸನಿಹದಲ್ಲೇ ಚರ್ಚ್ ಗೇಟ್ ಇತ್ತು. ಸೇಂಟ್ ಜಾರ್ಜ್ ಆಸ್ಪತ್ರೆಯ ಬಳಿ ಹಳೆಯ ಗೋಡೆಯ ಒಂದು ತುಣುಕು ಉಳಿದಿದೆ. ಕೋಟೆ ಹೋಯಿತು, ಹೆಸರು ಉಳಿಯಿತು.

ಆ ಫ್ರಿಯರನ ಹೆಸರಿನಲ್ಲೂ ಒಂದು ರಸ್ತೆಯಿತ್ತು. ಅದು ಈಗ ಪಿ. ಡಿ’ಮೆಲ್ಲೊ ರಸ್ತೆ. ಬಂದರು ಕಾರ್ಮಿಕರ ಮುಂದಾಳಾಗಿದ್ದ ಪ್ಲಾಸಿಡ್ ಡಿ’ಮೆಲ್ಲೊ ಅವರು ನಮ್ಮ ಕರಾವಳಿಯವರೇ. ರಾಜ್ಯಪಾಲನ ಹೆಸರನ್ನು ಅಳಿಸಿ ದುಡಿಯುವವರ ನಾಯಕನ ಹೆಸರನ್ನು ಬರೆದ ಆ ಹಾದಿಯಲ್ಲಿ ನಡೆಯುವಾಗ ಮನಸ್ಸಿಗೆ ಏನೋ ಒಂದು ಸಮಾಧಾನ. ಆದರೆ ಇಂಥ ಭಾಗ್ಯ ಎಲ್ಲ ದುಡಿದವರಿಗೂ ಒದಗುವುದಿಲ್ಲ. ಕಟ್ಟಡ ನಿಂತಿದ್ದು ಅದರೊಳಗೆ ದುಡಿದವರ ಹೆಸರು ಮಾತ್ರ ಅಳಿದುಹೋದ ಒಂದು ಸ್ಥಳ ಇದೇ ಕೋಟೆ ಪ್ರದೇಶದಲ್ಲಿದೆ. ಇಂದು ಅದರ ಕಥೆಯನ್ನು ವಾಚಕರ ಮುಂದಿಡುತ್ತೇನೆ. ಹೋಟೆಲಿನಲ್ಲಿ ದುಡಿಯುವ ಬಾಂಧವರು ಇದನ್ನು ತಮ್ಮ ಮನೆಯ ಮಾತೆಂದೇ ಓದಬೇಕು.

1994ರಲ್ಲಿ ನಾನು ಊರು ಬಿಟ್ಟು ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸಕ್ಕೆ ನಿಂತೆ. ಮೊದಲು ಲೋಟ ತೊಳೆಯುವ ಕೆಲಸ, ಅನಂತರ ಹೊರಗಿನ ಕಚೇರಿಗಳಿಗೆ ಚಹಾ ಒಯ್ಯುವ ಕೆಲಸ. ಸಂಜೆ ರಾತ್ರಿಶಾಲೆ, ಆ ಬಳಿಕ ಮೇಜುಗಳನ್ನು ಜೋಡಿಸಿ ಅದರ ಮೇಲೆ ನಿದ್ರೆ. ನನ್ನ ಪಾಲಿನ ಗಿರಾಕಿಗಳಲ್ಲಿ ಹೆಚ್ಚಿನವರು ಕಾಲಾಘೋಡಾದ ಎಸ್‌ಪ್ಲನೇಡ್ ಮ್ಯಾನ್ಶನ್ ಎಂಬ ಹಳೆಯ ಕಟ್ಟಡದ ವಕೀಲರು. ಪಕ್ಕದಲ್ಲೇ ಸೆಷನ್ಸ್ ನ್ಯಾಯಾಲಯವಿದ್ದುದರಿಂದ ಆ ಕಟ್ಟಡದ ತುಂಬ ವಕೀಲರ ಗೂಡುಗಳು, ಟೈಪು ಮಾಡುವವರು, ಝೆರಾಕ್ಸ್ ಅಂಗಡಿಗಳು. ಹಲಗೆಯಿಂದ ತುಂಡರಿಸಿದ ಕೋಣೆಗಳು, ಕತ್ತಲೆಯ ಓಣಿಗಳು, ಕಾಲಿಟ್ಟಲ್ಲಿ ಕಿರುಗುಟ್ಟುವ ಮೆಟ್ಟಿಲುಗಳು. ಕೈಯಲ್ಲಿ ಆರು ಗ್ಲಾಸುಗಳ ತಂತಿಯ ಬುಟ್ಟಿ ಹಿಡಿದು ದಿನಕ್ಕೆ ಎಂಟು-ಹತ್ತು ಸಲ ಆ ಮೆಟ್ಟಿಲುಗಳನ್ನು ಏರಿ ಇಳಿದಿದ್ದೇನೆ. ಮಾಳಿಗೆಗಳು ಅಷ್ಟೊಂದು ಎತ್ತರವೇಕೆಂದು ಶಪಿಸಿದ್ದುಂಟೇ ಹೊರತು ಅದೇನು ಕಟ್ಟಡವೆಂದು ಯಾರನ್ನೂ ಕೇಳಿದವನಲ್ಲ.

ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿದ ಮೇಲೆ ಅದನ್ನು ನನಗೆ ತಿಳಿಸಿಕೊಟ್ಟವರು ವಿಮಾ ಕಚೇರಿಯೊಂದರ ತರುಣ ಗುಮಾಸ್ತರು. ಅವರಿಗೆ ಒಂದು ವಿಚಿತ್ರ ಹವ್ಯಾಸ. ರವಿವಾರ ಬಂದಿತೆಂದರೆ ಕ್ಯಾಮರಾ ಹೆಗಲಿಗೇರಿಸಿ ನಗರದ ಪಾಳುಬಿದ್ದ ಕಟ್ಟಡಗಳ ಛಾಯಾಚಿತ್ರ ತೆಗೆಯಲು ಹೊರಡುತ್ತಾರೆ. ಒಂದು ರವಿವಾರ ನಾನೂ ಜೊತೆಗೂಡಿದೆ. ಕಾಲಾಘೋಡಾದಲ್ಲಿ ನಿಂತು, ಬೀಗ ಬಿದ್ದ ನನ್ನ ಹಳೆಯ ಪರಿಚಯದ ಕಟ್ಟಡವನ್ನು ತೋರಿಸಿ, “ಅಣ್ಣಾ, ಇದು ನಿಮ್ಮದೇ ವ್ಯವಸಾಯದ್ದು. ಒಂದು ಕಾಲದಲ್ಲಿ ಮುಂಬಯಿಯಲ್ಲೇ ಹೆಸರುವಾಸಿಯಾದ ಹೋಟೆಲು” ಎಂದರು. ನಾನು ನಕ್ಕುಬಿಟ್ಟೆ. ಹೋಟೆಲಿಗೇ ಹೊರಗಿನ ಹೋಟೆಲಿನಿಂದ ಚಹಾ ಹೊತ್ತವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು!

ಆ ಕಟ್ಟಡದ ಹಿಂದಿನ ಹೆಸರು ವಾಟ್ಸನ್ಸ್ ಎಸ್‌ಪ್ಲನೇಡ್ ಹೋಟೆಲ್. ಜಾನ್ ವಾಟ್ಸನ್ ಎಂಬ ಆಂಗ್ಲ ಬಟ್ಟೆ ವ್ಯಾಪಾರಿ ಇದನ್ನು ಕಟ್ಟಿಸಿದ. ಕೋಟೆಯ ಗೋಡೆ ಬಿದ್ದು ತೆರವಾದ ಬಯಲಿನ ಅಂಚಿನಲ್ಲಿ 1867ರಿಂದ 1869ರ ನಡುವೆ ಇದು ಮೇಲೆದ್ದಿತು. ಇದರ ನಕ್ಷೆಯನ್ನು ರಚಿಸಿದ ಶಿಲ್ಪಿ ರೋಲೆಂಡ್ ಮೇಸನ್ ಆರ್ಡಿಶ್. ಲಂಡನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಮಹಾ ಛಾವಣಿಯಲ್ಲೂ ಈತನ ಕೈಯಿದೆ. ಎರಕದ ಕಬ್ಬಿಣದ ಕಂಬಗಳನ್ನೂ ತೊಲೆಗಳನ್ನೂ ಇಂಗ್ಲೆಂಡಿನಲ್ಲೇ ಸಿದ್ಧಗೊಳಿಸಿ, ಹಡಗಿನಲ್ಲಿ ತಂದು, ಇಲ್ಲಿ ಮರದ ಮಂಚ ಜೋಡಿಸುವಂತೆ ಜೋಡಿಸಿದರು. ಭಾರವನ್ನು ಹೊರುವುದು ಗೋಡೆಯಲ್ಲ, ಕಬ್ಬಿಣದ ಹಂದರ. ಇಂದಿನ ಗಗನಚುಂಬಿ ಕಟ್ಟಡಗಳು ನಿಂತಿರುವುದೂ ಇದೇ ತತ್ತ್ವದ ಮೇಲೆ. ಭಾರತದಲ್ಲಿ ಉಳಿದಿರುವ ಎರಕದ ಕಬ್ಬಿಣದ ಕಟ್ಟಡಗಳಲ್ಲಿ ಇದೇ ಅತ್ಯಂತ ಹಳೆಯದೆಂದು ತಜ್ಞರು ಹೇಳುತ್ತಾರೆ. ಸುಮಾರು 130 ಕೋಣೆಗಳು, ಸುತ್ತಲೂ ತೆರೆದ ಜಗಲಿಗಳು, ನಡುವೆ ಗಾಜಿನ ಮಾಡಿನ ಅಂಗಳ. ಬಡಿಸಲು ಇಂಗ್ಲೆಂಡಿನಿಂದ ಕರೆತಂದ ಹೆಂಗಸರು. ನಾನು ಶಪಿಸಿದ ಆ ಎತ್ತರದ ಮಾಳಿಗೆಗಳು ಆ ವೈಭವದ ಕುರುಹುಗಳೇ ಆಗಿದ್ದವು.

1896ರ ಜುಲೈ 7ರಂದು ಇದೇ ಹೋಟೆಲಿನಲ್ಲಿ ಫ್ರಾನ್ಸಿನ ಲೂಮಿಯೆರ್ ಸಹೋದರರ ಚಲಿಸುವ ಚಿತ್ರಗಳನ್ನು ತೋರಿಸಲಾಯಿತು. ಪ್ರವೇಶ ಶುಲ್ಕ ಒಂದು ರೂಪಾಯಿ. ಭಾರತದ ನೆಲದಲ್ಲಿ ಸಿನೆಮಾ ಹುಟ್ಟಿದ್ದು ಅಂದು. ಇಂದು ಸಿನೆಮಾ ನೋಡುವ ನಮ್ಮ ಹುಡುಗರಲ್ಲಿ, ಅದರ ತೊಟ್ಟಿಲು ಒಂದು ಹೋಟೆಲಿನ ಕೋಣೆಯೆಂದು ಬಲ್ಲವರು ವಿರಳ. ಜಮಶೇಟ್‌ಜಿ ಟಾಟಾರನ್ನು ಇಲ್ಲಿ ಒಳಗೆ ಬಿಡಲಿಲ್ಲವೆಂದೂ, ಆ ಛಲಕ್ಕೆ ಅವರು ತಾಜಮಹಲ್ ಹೋಟೆಲನ್ನು ಕಟ್ಟಿಸಿದರೆಂದೂ ಒಂದು ಐತಿಹ್ಯವಿದೆ. ಇದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ಇತಿಹಾಸಕಾರರ ಅಭಿಪ್ರಾಯ. 1903ರಲ್ಲಿ ತಾಜ್ ತೆರೆಯಿತು, ವಾಟ್ಸನ್ನಿನ ಕಳೆ ಕುಂದತೊಡಗಿತೆಂಬುದು ಮಾತ್ರ ನಿಜ. ನಮ್ಮ ವ್ಯವಸಾಯದ ನಿಯಮವೇ ಅದು. ಎದುರಿಗೆ ಹೊಸ ಹೋಟೆಲು ತೆರೆದರೆ ಹಳೆಯ ಗಲ್ಲಾ ಮೊದಲು ನಡುಗುತ್ತದೆ.

ಆದರೆ ನನ್ನ ಮನಸ್ಸಿನಲ್ಲಿ ನೆಟ್ಟುಹೋದದ್ದು ಬೇರೊಂದು ಸಂಗತಿ. ಅದೇ 1896ರ ಜನವರಿಯಲ್ಲಿ ಅಮೇರಿಕದ ಪ್ರಖ್ಯಾತ ಹಾಸ್ಯಲೇಖಕ ಮಾರ್ಕ್ ಟ್ವೇನ್ ಮುಂಬಯಿಗೆ ಬಂದು ಇಲ್ಲಿ ಇಳಿದುಕೊಂಡ. ಮರುವರ್ಷ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಆತ ಒಂದು ಘಟನೆಯನ್ನು ಬರೆದಿದ್ದಾನೆ. ಕೋಣೆಯನ್ನು ಅಣಿಗೊಳಿಸಲೆಂದು ದಪ್ಪ ಮೈಕಟ್ಟಿನ ಜರ್ಮನನೊಬ್ಬ ಮೂವರು ನಾಡಿಗ ಕೆಲಸದವರೊಂದಿಗೆ ಮೇಲೆ ಬಂದನಂತೆ. ಜಗಲಿಯ ಕಡೆಗಿನ ಗಾಜಿನ ಬಾಗಿಲಿನಲ್ಲಿ ಏನೋ ಊನ. ಕೆಲಸದವನೊಬ್ಬ ಮಂಡಿಯೂರಿ ಅದನ್ನು ಸರಿಪಡಿಸುತ್ತಿದ್ದ. ಜರ್ಮನನಿಗೆ ಅದು ಒಪ್ಪಿಗೆಯಾಗಲಿಲ್ಲ. ತಪ್ಪೇನೆಂದು ಹೇಳುವ ಮೊದಲೇ ಅವನ ದವಡೆಗೆ ಒಂದೇಟು ಹೊಡೆದ. ಹೊಡೆಸಿಕೊಂಡವನು ಸೊಲ್ಲೆತ್ತಲಿಲ್ಲ, ಮುಖದಲ್ಲಿ ಸಿಟ್ಟನ್ನೂ ತೋರಿಸಲಿಲ್ಲ. ಅದನ್ನು ಕಂಡ ಟ್ವೇನನಿಗೆ ಐವತ್ತು ವರ್ಷಗಳ ಹಿಂದೆ ತನ್ನ ಊರಿನಲ್ಲಿ ಕಂಡ ಕರಿಯ ಗುಲಾಮರ ನೆನಪು ಮರುಕಳಿಸಿತು. ಗುಲಾಮರಿಗೆ ಯಜಮಾನರು ಕೆಲಸ ವಿವರಿಸುತ್ತಿದ್ದ ರೀತಿಯೇ ಅದೆಂದು ಆತ ಬರೆದ.

ವಾಚಕರೇ, ಹೋಟೆಲಿನ ಕೆಲಸದಲ್ಲಿ ಬೆಳೆದ ನನಗೆ ಆ ದವಡೆಯ ನೋವು ಅಪರಿಚಿತವಲ್ಲ. ಲೋಟ ಒಡೆದ ದಿನ ನನಗೂ ಏಟು ಬಿದ್ದಿದೆ. ನಾನೂ ಸೊಲ್ಲೆತ್ತಿರಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಮನುಷ್ಯ ಯಾರು? ಕೊಂಕಣದವನೇ, ಗೋವೆಯವನೇ, ನಮ್ಮ ಕಡೆಯವನೇ? ಕಟ್ಟಿಸಿದ ವಾಟ್ಸನ್ನನ ಹೆಸರು ಉಳಿದಿದೆ, ನಕ್ಷೆ ಬರೆದ ಆರ್ಡಿಶನ ಹೆಸರಿದೆ, ಉಳಿದುಕೊಂಡ ಟ್ವೇನನ ಹೆಸರಂತೂ ಜಗತ್ತಿಗೇ ಗೊತ್ತು. ಮಂಡಿಯೂರಿದವನ ಹೆಸರಿಲ್ಲ. ಅವನ ನೋವಿಗೆ ಮರುಗಿ ಬರೆದವನೂ ಅವನ ಹೆಸರನ್ನು ಬರೆಯಲಿಲ್ಲವಲ್ಲ ಎಂದು ನಾನು ಗೆಳೆಯರ ಮುಂದೆ ಖೇದಪಟ್ಟೆ.

ಆಗ ಅವರು ಸಹಜವಾಗಿ, “ಅಣ್ಣಾ, ನಿಮ್ಮ ಮೊದಲಿನ ಹೋಟೆಲಿನಲ್ಲಿ ಅಡಿಗೆಗೆ ಯಾರಿದ್ದರು?” ಎಂದು ಕೇಳಿದರು. “ಭಟ್ಟರಿದ್ದರು” ಎಂದೆ. “ಭಟ್ಟರು ಸರಿ, ಅವರ ಹೆಸರು?” ನಾನು ನಿರುತ್ತರನಾದೆ. ನಾಲ್ಕು ವರ್ಷ ಅವರ ಕೈಯ ಅನ್ನ ಉಂಡಿದ್ದೇನೆ. ರಾತ್ರಿಶಾಲೆಗೆ ತಡವಾದ ದಿನ ನನ್ನ ಪಾಲಿನ ಪಾತ್ರೆಗಳನ್ನು ತಾವೇ ತಿಕ್ಕಿ ನನ್ನನ್ನು ಅಟ್ಟುತ್ತಿದ್ದವರು ಅವರು. ಎಸ್‌ಎಸ್‌ಸಿ ಫಲಿತಾಂಶ ಬಂದ ದಿನ ಪಾಯಸ ಮಾಡಿದರು. ಅವರಿಲ್ಲದಿದ್ದರೆ ಇಂದು ಈ ಅಕ್ಷರಗಳನ್ನು ಬರೆಯುವ ಯೋಗ್ಯತೆ ನನಗಿರುತ್ತಿರಲಿಲ್ಲ. ಅಂಥವರ ಹೆಸರನ್ನು ಒಂದು ದಿನವಾದರೂ ಕೇಳಲಿಲ್ಲ. ಊರು ಕುಂದಾಪುರದ ಕಡೆಯೆಂಬುದಷ್ಟೇ ಗೊತ್ತು. ಆ ಹೋಟೆಲು ಮುಚ್ಚಿ, ಅಲ್ಲಿ ಈಗ ಮೊಬೈಲಿನ ಅಂಗಡಿಯಿದೆ. ಅದರದೊಂದು ಛಾಯಾಚಿತ್ರವೂ ನನ್ನಲ್ಲಿಲ್ಲ. ಟ್ವೇನನ ಮೇಲೆ ಹೊರಿಸಿದ ದೋಷ ಆ ಕ್ಷಣವೇ ನನ್ನ ಹೆಗಲಿಗೆ ಮರಳಿತು. ಆತನಿಗೆ ಆ ಕೆಲಸದವನ ಪರಿಚಯ ಒಂದು ಗಳಿಗೆಯದು, ನನ್ನದು ನಾಲ್ಕು ವರ್ಷದ್ದು.

ವಾಟ್ಸನ್ ಕಟ್ಟಡದ ಗತಿ ಏನಾಯಿತೆಂಬುದನ್ನೂ ಹೇಳಬೇಕು. ಹೋಟೆಲು ಮುಚ್ಚಿದ ಬಳಿಕ ಕೋಣೆಗಳು ಒಂದೊಂದಾಗಿ ಬಾಡಿಗೆಗೆ ಹೋದವು. ದುರಸ್ತಿಯ ಹೊಣೆ ಯಾರದೆಂಬ ವ್ಯಾಜ್ಯದಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯಿತು. 2005ರ ಮಳೆಗಾಲದಲ್ಲಿ ಒಂದು ಪಾರ್ಶ್ವದ ಜಗಲಿಗಳು ಕುಸಿದು ಒಬ್ಬರು ಪ್ರಾಣ ಕಳೆದುಕೊಂಡರು. ವಿಶ್ವ ಸ್ಮಾರಕ ನಿಧಿಯವರು ಜಗತ್ತಿನ ಅತ್ಯಂತ ಅಪಾಯದಲ್ಲಿರುವ ನೂರು ಸ್ಥಳಗಳ ಸಾಲಿನಲ್ಲಿ ಇದನ್ನು ಸೇರಿಸಿದರು. 2019ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಆದೇಶದಂತೆ ಬಾಡಿಗೆದಾರರು ತೆರವು ಮಾಡಿದರು. ಕೆಡವುವುದೇ ಲೇಸೆಂದು ಐಐಟಿಯ ತಜ್ಞರು ವರದಿ ಕೊಟ್ಟರೆ, ಉಳಿಸಬಹುದೆಂದು ಪರಂಪರೆಯ ರಕ್ಷಕರು ವಾದಿಸಿದರು. ಇಂಥ ಭವ್ಯ ಸೌಧಕ್ಕಾದರೂ ವಾದಿಸುವವರಿದ್ದಾರೆ. ನಮ್ಮ ಹಿರಿಯರ ಹೋಟೆಲುಗಳಿಗೆ ಯಾರಿದ್ದಾರೆ?

ಈ ನಗರವನ್ನು ಉಣಿಸಿದವರಲ್ಲಿ ಕನ್ನಡಿಗರೂ ಸೇರಿದ್ದಾರೆ. ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಕೆಲವು ಸಂಸ್ಥೆಗಳು ಹೆಸರು ಉಳಿಸಿಕೊಂಡಿವೆ. ಉಳಿದವು ಎಷ್ಟೋ ಬಾಗಿಲು ಮುಚ್ಚಿದವು, ಹೆಸರಿನ ಫಲಕವೂ ಗುಜರಿಗೆ ಹೋಯಿತು. 1982ರ ಜನವರಿ 18ರಂದು ಆರಂಭವಾದ ಮಹಾ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಗಿರಣಿಗಳ ಕೂಗು ಅಡಗಿದಾಗ ಅವುಗಳ ಬಾಗಿಲಲ್ಲಿದ್ದ ಚಹಾದ ಅಂಗಡಿಗಳ ಒಲೆ ಉರಿದೀತು ಹೇಗೆ? ಫೀನಿಕ್ಸ್ ಗಿರಣಿಯ ಸ್ಥಳದಲ್ಲಿ ಇಂದು ಥಳಥಳಿಸುವ ಮಳಿಗೆಗಳಿವೆ. ಅತ್ತ ವಸಾಯಿಯ ಕೋಟೆಗೆ ಹೋಗಿ ನೋಡಿರಿ. 1739ರಲ್ಲಿ ಚಿಮಾಜಿ ಅಪ್ಪಾ ಗೆದ್ದ ಆ ಕೋಟೆಯ ಹಾಳು ಇಗರ್ಜಿಗಳಲ್ಲಿ ಪೋರ್ಚುಗೀಸ್ ಶ್ರೀಮಂತರ ಗೋರಿಗಲ್ಲುಗಳಿವೆ. ಮಾಡು ಹಾರಿಹೋಗಿ ಶತಮಾನಗಳಾದರೂ ಕಲ್ಲಿನ ಮೇಲೆ ಕೊರೆದ ಹೆಸರುಗಳಿವೆ. ಹೆಸರು ಉಳಿಯುವುದು ತಾನಾಗಿ ಅಲ್ಲ, ಯಾರೋ ಬರೆದಿಡುವುದರಿಂದ.

ಆದುದರಿಂದ ನನ್ನದೊಂದು ವಿನಂತಿ. ಇಂದು ಎಲ್ಲರ ಜೇಬಿನಲ್ಲೂ ಕ್ಯಾಮರಾ ಇರುವ ಮೊಬೈಲಿದೆ. ನೀವು ದುಡಿಯುವ ಹೋಟೆಲಿನ ಚಿತ್ರ ತೆಗೆಯಿರಿ. ಹೊರಗಿನ ಫಲಕ, ದರಪಟ್ಟಿ, ಗಲ್ಲಾ, ಒಲೆ, ರುಬ್ಬುವ ಕಲ್ಲು, ಹುಡುಗರು ಮಲಗುವ ಮಾಳಿಗೆ, ಓದಿದ ರಾತ್ರಿಶಾಲೆಯ ಬೆಂಚು — ಯಾವುದನ್ನೂ ಕ್ಷುಲ್ಲಕವೆಂದು ಬಿಡಬೇಡಿರಿ. ಆದರೆ ಚಿತ್ರ ಮಾತ್ರ ಸಾಲದು. ಬರಹವಿಲ್ಲದ ಚಿತ್ರ ಇಪ್ಪತ್ತು ವರ್ಷಗಳಲ್ಲಿ ಮೂಕವಾಗುತ್ತದೆ. ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿಗೆ ಪೆನ್ಸಿಲಿನಿಂದ ದಿನಾಂಕ, ಬೀದಿ, ಅದರಲ್ಲಿರುವವರ ಪೂರ್ಣ ಹೆಸರು, ಊರು ಬರೆಯಿರಿ. ಅವರ ಒಪ್ಪಿಗೆಯನ್ನು ಮೊದಲೇ ಕೇಳಿರಿ. ಹಾಳು ಕಟ್ಟಡಗಳ ಚಿತ್ರ ತೆಗೆಯುವ ಉತ್ಸಾಹವಿದ್ದರೆ ರಸ್ತೆಯಲ್ಲಿ ನಿಂತೇ ತೆಗೆಯಿರಿ. ಬೀಗ ಮುರಿದು ಒಳಹೊಗುವುದು ಸಾಹಸವಲ್ಲ, ಅವಿವೇಕ. ನನ್ನ ಗೆಳೆಯರು ಹೆಚ್ಚಿನ ಚಿತ್ರಗಳನ್ನು ಎದುರಿನ ಕಾಲುದಾರಿಯಿಂದಲೇ ತೆಗೆದಿದ್ದಾರೆ. ಕಾವಲುಗಾರನೊಡನೆ ಹತ್ತು ನಿಮಿಷ ಮಾತಾಡಿದರೆ ಒಳಗಿನ ಅರ್ಧ ಇತಿಹಾಸ ಹೊರಗೇ ಸಿಗುತ್ತದೆಂಬುದು ಅವರ ಅನುಭವ.

ಆ ರವಿವಾರದ ಬಳಿಕ ನಾನು ನನ್ನ ಭಟ್ಟರ ಹೆಸರನ್ನು ಅರಸತೊಡಗಿದ್ದೇನೆ. ಹಳೆಯ ಜೊತೆಗಾರರಲ್ಲಿ ಮೂವರು ಸಿಕ್ಕಿದರು. ಮೂವರೂ ‘ಭಟ್ಟರು’ ಎಂದೇ ಹೇಳಿದರು. 1990ರ ದಶಕದಲ್ಲಿ ಫೋರ್ಟಿನ ಹೋಟೆಲಿನಲ್ಲಿ ಅಡಿಗೆ ಮಾಡುತ್ತಿದ್ದ, ಎಡಗೈಯ ಕಿರುಬೆರಳು ಬಾಗಿದ್ದ, ಹಬೆಯೇಳುವ ಇಡ್ಲಿಪಾತ್ರೆಯ ಮುಂದೆ ನಿಂತು ನಮಗೆ ಮಗ್ಗಿ ಕೇಳುತ್ತಿದ್ದ ಕುಂದಾಪುರ ಕಡೆಯ ಹಿರಿಯರನ್ನು ಬಲ್ಲವರು ಈ ಪತ್ರಿಕೆಯ ಓದುಗರಲ್ಲಿ ಇದ್ದರೆ, ಕಾರ್ಯಾಲಯಕ್ಕೆ ಒಂದು ಸಾಲು ಬರೆಯಬೇಕು. ಅವರ ಚಿತ್ರವಿಲ್ಲದಿದ್ದರೂ ಚಿಂತೆಯಿಲ್ಲ. ಹೆಸರು ತಿಳಿದರೆ ಸಾಕು. ಇದೇ ಪುಟದಲ್ಲಿ ಅಚ್ಚು ಮಾಡುತ್ತೇನೆ.