ಯಂತ್ರದ ತಾಳ, ಹೆಣ್ಣಿನ ಕಂಠ

ಇಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್ ಎಂದರೆ ಡಿಜೆಗಳ ಸಂಗೀತ ಎಂಬ ಎಣಿಕೆ ಬೇರೂರಿದೆ. ಪೋಸ್ಟರಿನ ದಪ್ಪಕ್ಷರ ಅವರದು, ವೇದಿಕೆಯ ಬೆಳಕೂ ಅವರದು. ಆದರೆ ಈ ಪ್ರಕಾರದ ಸುಮಾರು ಐವತ್ತು ವರ್ಷಗಳ ಧ್ವನಿಮುದ್ರಿಕೆಗಳನ್ನು ಕಿವಿಗೊಟ್ಟು ಕೇಳಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಸುವುಳ್ಳ ಕಂಠ ಸಿಕ್ಕ ಕಡೆಯೆಲ್ಲ ಹಾಡಿನ ಅರ್ಧ ರಚನೆ ಆ ಕಂಠದ್ದೇ. ಕಾರಣ ತಾಳದಲ್ಲಿದೆ. ಈ ಪ್ರಕಾರದ ಕವಲಾದ ಹೌಸ್ ಸಂಗೀತದಲ್ಲಿ ನಿಮಿಷಕ್ಕೆ ಸುಮಾರು 120ರಿಂದ 130 ಬೀಟ್, ಪ್ರತಿ ಬೀಟಿಗೂ ಕಿಕ್ ಡ್ರಮ್ಮಿನ ಒಂದು ಪೆಟ್ಟು. ನಮ್ಮ ಸಂಗೀತ ಕಚೇರಿಯಲ್ಲಿ ಹಾಡುವವರು ಸಂಗತಿಯೊಂದನ್ನು ಎಳೆದರೆ ಮೃದಂಗದವರು ಅದನ್ನು ಗ್ರಹಿಸಿ ತಮ್ಮ ನುಡಿಸಾಣಿಕೆಯನ್ನು ಹೊಂದಿಸಿಕೊಳ್ಳುತ್ತಾರೆ. ಯಂತ್ರಕ್ಕೆ ಆ ಕಿವಿ ಇಲ್ಲ. ಹಾಗಾಗಿ ಸಡಿಲವೆಲ್ಲ ಗಾಯಕಿಯಿಂದಲೇ ಬರಬೇಕು. ಪೆಟ್ಟಿಗಿಂತ ತುಸು ತಡವಾಗಿ ಎತ್ತಿಕೊಳ್ಳುವುದು, ಸ್ವರವನ್ನು ಮುಂದಿನ ಪೆಟ್ಟು ದಾಟಿಸಿ ಹಿಡಿಯುವುದು, ಉಸಿರೆಳೆದ ಸದ್ದನ್ನೂ ಕೇಳಗೊಡುವುದು ಎಲ್ಲ ಆ ಕೆಲಸದ ಭಾಗ. ಹಾಡಿನ ನಡುವೆ ಕಿಕ್ ನಿಲ್ಲಿಸಿ ಕಂಠವನ್ನು ಬಹುಮಟ್ಟಿಗೆ ಒಂಟಿಯಾಗಿ ಬಿಡುವ ಬ್ರೇಕ್‌ಡೌನ್ ಎಂಬ ಭಾಗ ಇರುವುದೂ ಇದಕ್ಕೇ. ಅಲ್ಲಿ ಕಂಠ ಕಟ್ಟಿದ ನಿರೀಕ್ಷೆಯ ಬಲದಿಂದಲೇ ತಾಳ ಮರಳಿದಾಗ ಜನ ಕುಣಿಯುತ್ತಾರೆ.

1977ರ 'ಐ ಫೀಲ್ ಲವ್' ಇದಕ್ಕೆ ಮೊದಲ ದೊಡ್ಡ ಸಾಕ್ಷಿ. ಮ್ಯೂನಿಕ್ಕಿನಲ್ಲಿ ಜಾರ್ಜಿಯೋ ಮೊರೊಡರ್ ಮತ್ತು ಪೀಟ್ ಬೆಲೊಟ್ ಅದನ್ನು ಹೆಚ್ಚುಕಡಿಮೆ ಪೂರ್ತಿ ಮೂಗ್ ಸಿಂಥಸೈಸರಿನ ಮೇಲೆ ಕಟ್ಟಿದರು. ಮನುಷ್ಯರ ಕೈ ಬಿದ್ದದ್ದು ಕಿಕ್ ಡ್ರಮ್ಮಿಗೆ ಮಾತ್ರ, ಅದನ್ನು ಕೀತ್ ಫೋರ್ಸಿ ನುಡಿಸಿದರು. ಇಷ್ಟು ಬಿಗಿಯಾದ ಹಂದರದ ಮೇಲೆ ಗಾಯಕಿ ಡೋನಾ ಸಮರ್ ಅಬ್ಬರಿಸಲಿಲ್ಲ. ಬಾಸ್ಟನ್ನಿನ ಚರ್ಚಿನಲ್ಲಿ ಹಾಡಿ ಬೆಳೆದು, 'ಹೇರ್' ಸಂಗೀತ ನಾಟಕಕ್ಕಾಗಿ ಜರ್ಮನಿಗೆ ಹೋದ ಆಕೆಗೆ ಗಟ್ಟಿ ದನಿ ಇತ್ತು. ಆದರೂ ಇಲ್ಲಿ ಆರಿಸಿಕೊಂಡದ್ದು ತೆಳುವಾದ ಮೇಲುಸ್ಥಾಯಿಯ ದೀರ್ಘ ಸ್ವರಗಳನ್ನು. ಕೆಳಗೆ ಬಾಸ್ ಚಿಟಿಚಿಟಿ ಓಡುತ್ತಿದ್ದರೆ ಮೇಲೆ ಆಕೆಯ ಸ್ವರ ಅವಸರವಿಲ್ಲದೆ ಹರಡುತ್ತದೆ. ಒಂದೇ ಹಾಡಿನಲ್ಲಿ ಎರಡು ಕಾಲಗಳು! ಆ ಎರಡನೆಯ ಕಾಲವನ್ನು ತಂದವಳು ಗಾಯಕಿ. ಅದೇ ದಶಕದಲ್ಲಿ ಲಂಡನ್ನಿನಲ್ಲಿ ಡಿಸ್ಕೋ ಹಾಡುಗಳನ್ನು ಕಟ್ಟುತ್ತಿದ್ದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದವರು, ಕೊಡವ ಮನೆತನದವರು. 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ'ಗೆ ಅವರು ಹಾಡಿಸಿದ್ದು ಹದಿಹರೆಯದ ನಾಜಿಯಾ ಹಸನ್ ಅವರಿಂದ. ಅಂದಿನ ಹಿಂದಿ ಹಿನ್ನೆಲೆ ಗಾಯನದ ತಿದ್ದಿದ ಕಂಠಗಳಿಗಿಂತ ತೀರ ಬೇರೆಯಾದ ಆ ದನಿಯನ್ನು ತೆಗೆದುಬಿಟ್ಟರೆ ಆ ಹಾಡಿನಲ್ಲಿ ಎಷ್ಟು ಉಳಿದೀತು?

ಕಂಠಕ್ಕೆ ಇಷ್ಟು ಬೆಲೆಯಿದ್ದೂ ಹಾಡಿದವರ ಹೆಸರಿಗೆ ಬೆಲೆ ಸಿಗಲಿಲ್ಲ ಎಂಬುದು ಈ ಚರಿತ್ರೆಯ ನೋವಿನ ಭಾಗ. ಶಿಕಾಗೋದ ಗಾಯಕಿ ಲೊಲಿಯಾಟಾ ಹಾಲೊವೆ ಚರ್ಚಿನ ಗಾಸ್ಪೆಲ್ ಪರಂಪರೆಯಿಂದ ಬಂದವರು. ಡ್ಯಾನ್ ಹಾರ್ಟ್‌ಮನ್ ಬರೆದ 'ಲವ್ ಸೆನ್ಸೇಷನ್' ಅನ್ನು ಆಕೆ 1980ರಲ್ಲಿ ಹಾಡಿದರು. 1989ರಲ್ಲಿ ಇಟಲಿಯ ಬ್ಲ್ಯಾಕ್ ಬಾಕ್ಸ್ ತಂಡ ಆ ಗಾಯನದ ತುಣುಕುಗಳನ್ನು ಸ್ಯಾಂಪ್ಲರಿಗೆ ಹಾಕಿ 'ರೈಡ್ ಆನ್ ಟೈಮ್' ಮಾಡಿತು. ಅದು ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು, ಆ ವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಆಯಿತು. ಟಿವಿಯಲ್ಲಿ ತುಟಿಯಾಡಿಸಿದ್ದು ಒಬ್ಬ ರೂಪದರ್ಶಿ. ಹಾಲೊವೆಗೆ ಪರಿಹಾರ ಸಿಕ್ಕಿದ್ದು ಕಾನೂನಿನ ದಾರಿ ಹಿಡಿದ ಮೇಲೆ. ಗಾಯಕಿ ಮಾರ್ಥಾ ವಾಶ್ ಅವರ ಕತೆ ಇನ್ನೂ ಕಹಿ. ಅದೇ ಬ್ಲ್ಯಾಕ್ ಬಾಕ್ಸಿಗೂ, 1990ರ ಸಿ ಪ್ಲಸ್ ಸಿ ಮ್ಯೂಸಿಕ್ ಫ್ಯಾಕ್ಟರಿಯ 'ಗೊನ್ನ ಮೇಕ್ ಯೂ ಸ್ವೆಟ್' ಹಾಡಿಗೂ ದನಿ ಆಕೆಯದು, ವಿಡಿಯೊದಲ್ಲಿ ಕಂಡದ್ದು ತೆಳ್ಳಗಿನ ಬೇರೆ ಹೆಂಗಸರು. ಆಕೆ ಮೊಕದ್ದಮೆ ಹೂಡಿ ರಾಜಿಯಲ್ಲಿ ತನ್ನ ಹಕ್ಕು ಪಡೆದರು. ಅಮೆರಿಕದ ಸಂಗೀತೋದ್ಯಮ ನಿಜವಾಗಿ ಹಾಡಿದವರ ಹೆಸರು ನಮೂದಿಸುವುದನ್ನು ಗಂಭೀರವಾಗಿ ತೆಗೆದುಕೊಂಡದ್ದರಲ್ಲಿ ಆಕೆಯ ಹೋರಾಟದ ಪಾಲು ದೊಡ್ಡದು. ದೇಹ ಬೇಡ, ಮುಖ ಬೇಡ, ಹೆಸರೂ ಬೇಡ, ಕಂಠ ಮಾತ್ರ ಬೇಕು ಎಂದ ಆ ವ್ಯವಸ್ಥೆ ತನಗರಿವಿಲ್ಲದೆಯೇ ಕಂಠದ ಬೆಲೆಯನ್ನು ಒಪ್ಪಿಕೊಂಡಿತ್ತು.

ದನಿಯೇ ಇಲ್ಲದ ಮೇರುಕೃತಿಗಳಿಲ್ಲವೇ ಎಂದು ಕೇಳಬಹುದು. ಇವೆ. ಡೆಟ್ರಾಯಿಟ್ ಟೆಕ್ನೊ ಬಹುಪಾಲು ಮೌನಕಂಠದ ಸಂಗೀತ. ಡೆರಿಕ್ ಮೇ ಅವರ 1987ರ 'ಸ್ಟ್ರಿಂಗ್ಸ್ ಆಫ್ ಲೈಫ್' ಕೇಳಿದವರು ಅಲ್ಲಿ ಹಾಡುಗಾರಿಕೆಯ ಕೊರತೆ ಕಾಣಲಾರರು. ಎಲ್ಲ ಕಡೆ ಕಂಠ ಬೇಕೆಂಬುದು ನನ್ನ ವಾದವಲ್ಲ. ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು. ಎವರಿಥಿಂಗ್ ಬಟ್ ದ ಗರ್ಲ್ ಜೋಡಿಯ 'ಮಿಸ್ಸಿಂಗ್' 1994ರಲ್ಲಿ ಬಂದಾಗ ಹೆಚ್ಚು ಸದ್ದು ಮಾಡಲಿಲ್ಲ. ಡಿಜೆ ಟಾಡ್ ಟೆರಿ ಅದರಡಿ ಹೌಸ್ ಬೀಟ್ ಕೂರಿಸಿದ ಮೇಲೆ ಅಮೆರಿಕದ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಏರಿತು. ಅಂದಮೇಲೆ ಗೆದ್ದದ್ದು ಬೀಟ್ ತಾನೇ? ಬೀಟ್ ಇಲ್ಲದೆ ಗೆಲ್ಲುತ್ತಿರಲಿಲ್ಲ, ನಿಜ. ಆದರೆ ಅಂಥ ಬೀಟುಗಳು ಆ ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ಬಂದವು. ಈ ಒಂದು ಹಾಡು ಇಂದಿಗೂ ಕಿವಿಯಲ್ಲಿ ನಿಂತಿರುವುದು, ಕುಣಿತದ ನಡುವೆಯೂ ದನಿ ಏರಿಸದೆ ತನ್ನ ವಿಷಾದದಲ್ಲೇ ಉಳಿಯುವ ಆ ಜೋಡಿಯ ಗಾಯಕಿ ಟ್ರೇಸಿ ಥಾರ್ನ್ ಅವರಿಂದ. ಕಸುವೆಂದರೆ ಬರೀ ಎತ್ತರದ ದನಿಯಲ್ಲ ಎಂಬುದಕ್ಕೂ ಆಕೆಯೇ ಉದಾಹರಣೆ.

ಕಂಠದ ಈ ಬೆಲೆ ಪ್ರೊಡ್ಯೂಸರ್‌ಗಳಿಗೂ ಗೊತ್ತು. 2011ರ 'ಟೈಟೇನಿಯಂ' ಹಾಡನ್ನು ಗಾಯಕಿ ಸಿಯಾ ಬೇರೆ ಗಾಯಕಿಗಾಗಿ ಬರೆದು ಮಾದರಿಗೆಂದು ಹಾಡಿ ಕೊಟ್ಟಿದ್ದರು. ಪ್ರೊಡ್ಯೂಸರ್ ಡೇವಿಡ್ ಗೆಟ್ಟಾ ಕೊನೆಗೆ ಉಳಿಸಿಕೊಂಡದ್ದು ಆ ಮಾದರಿಯ ಗಾಯನವನ್ನೇ. ಆದರೂ ಎರಡು ವರ್ಷದ ಬಳಿಕ ಬಂದ 'ವೇಕ್ ಮೀ ಅಪ್' ಡಿಜೆ ಅವೀಚಿಯ ಹೆಸರೊಂದರಲ್ಲೇ ಲೋಕ ಸುತ್ತಿತು. ಅದನ್ನು ಹಾಡಿದ, ಸಾಹಿತ್ಯದಲ್ಲೂ ಕೈಯಿದ್ದ ಅಲೋ ಬ್ಲ್ಯಾಕ್ ಅವರ ಹೆಸರು ಶೀರ್ಷಿಕೆಯಲ್ಲಿ ಇರಲಿಲ್ಲ. ಈಗ ಕಂಠವನ್ನೇ ಅನುಕರಿಸುವ ತಂತ್ರಾಂಶಗಳು ಬಂದಿವೆ, ಇನ್ನು ಗಾಯಕರೇಕೆ ಎನ್ನುವವರೂ ಇದ್ದಾರೆ. ಆ ತಂತ್ರಾಂಶ ಕಲಿಯುವುದು ಯಾರೋ ಹಾಡಿಟ್ಟ ದನಿಯಿಂದಲೇ. ಪೆಟ್ಟಿಗಿಂತ ತುಸು ತಡವಾಗಿ ಎತ್ತಿಕೊಳ್ಳುವ ಆ ಗುಣವನ್ನು ಅದು ತಾನಾಗಿ ಕಂಡುಕೊಂಡದ್ದಲ್ಲ, ಮನುಷ್ಯರ ಕಂಠದಿಂದ ಎತ್ತಿಕೊಂಡದ್ದು. ಹಾಲೊವೆ ಅವರಿಗೆ 1989ರಲ್ಲಿ ಕೊಡಬೇಕಿದ್ದ ಒಪ್ಪಿಗೆ ಕೇಳುವ ಮರ್ಯಾದೆ, ಸಂಭಾವನೆ ಮತ್ತು ಹೆಸರು, ಈ ದನಿಗಳಿಗೂ ಹಾಡು ಬಿಡುಗಡೆಯಾಗುವ ಮೊದಲೇ ಸಲ್ಲಬೇಕು.