ಕತಾರಿನ ಸೆಕೆ ಯಾರ ಮೈಮೇಲೆ ಬಿತ್ತು?

2010ರ ಡಿಸೆಂಬರ್ 2ರಂದು ಜ್ಯೂರಿಕ್‌ನಲ್ಲಿ ಫಿಫಾ ಕಾರ್ಯಕಾರಿ ಸಮಿತಿಯ 22 ಮಂದಿ ಮತ ಹಾಕಿದರು. ಕೊನೆಯ ಸುತ್ತಿನಲ್ಲಿ ಕತಾರಿಗೆ 14, ಅಮೆರಿಕಕ್ಕೆ 8. ಸುದ್ದಿ ಕೇಳಿ ನಾವು ನಕ್ಕೆವು. ಕಾದ ಹೆಂಚಿನ ಮೇಲೆ ಫುಟ್‌ಬಾಲ್ ಆಡಿಸುತ್ತಾರಂತೆ ಎಂದೆವು. ಆಮೇಲಿನ ಹನ್ನೆರಡು ವರ್ಷ ಕೇಳಿದ್ದು, ಓದಿದ್ದು, ಫಾರ್ವರ್ಡ್ ಮಾಡಿದ್ದು ಎಲ್ಲ ಸೇರಿ ನಮ್ಮ ತಲೆಯೊಳಗೆ ಬೇರೊಂದು ಕತಾರೇ ತಯಾರಾಯಿತು. 2022ರ ವಿಶ್ವಕಪ್ ಮುಗಿದು ವರ್ಷಗಳಾದವು, ಆ ಕತಾರ್ ಮಾತ್ರ ಹಾಗೇ ಉಳಿದಿದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ದೋಹಾ ದೂರದ ದೇಶವೇನಲ್ಲ, ಮಗನೋ ಬಾವನೋ ದುಡಿಯುವ ಊರು. ಆ ಮನೆಗಳಲ್ಲೂ ಇವೇ ಮಾತು ಕೇಳಿಬರುತ್ತವೆ. ಒಂದೊಂದಾಗಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ: ಆಟಗಾರರು 45 ಡಿಗ್ರಿ ಬಿಸಿಲಲ್ಲಿ ಬೆಂದು ಆಡಿದರು.

ವಾಸ್ತವ: ಆಡಲಿಲ್ಲ. ಕತಾರ್ ಬಿಡ್ ಸಲ್ಲಿಸಿದ್ದು ಜೂನ್–ಜುಲೈಗೆ, ಅದು ನಿಜ. ಆ ಎರಡು ತಿಂಗಳ ಬಿಸಿ ಆಟಗಾರರಿಗೂ ಪ್ರೇಕ್ಷಕರಿಗೂ ಅಪಾಯ ತರಬಹುದೆಂದು ಮತದಾನಕ್ಕೆ ಮೊದಲೇ ಫಿಫಾದ ಸ್ವಂತ ಪರಿಶೀಲನಾ ವರದಿಯಲ್ಲಿ ಬರೆದಿತ್ತು. ಮತ ಹಾಕಿದವರು ಅದನ್ನು ಓದಿದರೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಕೊನೆಗೆ 2015ರಲ್ಲಿ ದಿನಾಂಕವನ್ನೇ ಬದಲಿಸಿದರು. ಟೂರ್ನಿ ನಡೆದದ್ದು 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ. ಆ ಹೊತ್ತಿಗೆ ದೋಹಾದಲ್ಲಿ ಹಗಲಿನ ಬಿಸಿ 30 ಡಿಗ್ರಿ ಆಸುಪಾಸಿನಿಂದ 25ರ ಕಡೆಗೆ ಇಳಿಯುತ್ತಿರುತ್ತದೆ. ಈ ಹೊಸ ದಿನಾಂಕಕ್ಕಾಗಿ ಯುರೋಪಿನ ಲೀಗುಗಳು ಋತುವಿನ ನಡುವೆಯೇ ಆಟ ನಿಲ್ಲಿಸಬೇಕಾಯಿತು. ಬಿಸಿಲನ್ನು ಗೆದ್ದದ್ದು ಮೊದಲಿಗೆ ಕ್ಯಾಲೆಂಡರ್, ಯಂತ್ರದ ಪಾಲು ಆಮೇಲಿನದು.

ತಪ್ಪು ಕಲ್ಪನೆ: ಮೇಲೆ ತೆರೆದ ಸ್ಟೇಡಿಯಂಗೆ ಏಸಿ ಹಾಕುವುದು ಸುಳ್ಳು. ತಣ್ಣನೆ ಗಾಳಿ ಆಕಾಶಕ್ಕೆ ಹೋಗುತ್ತದೆ.

ವಾಸ್ತವ: ನಾವೂ ಹಾಗೇ ವಾದಿಸಿದ್ದೆವು. ಅಂಗಡಿಯ ಐಸ್‌ಕ್ರೀಂ ಪೆಟ್ಟಿಗೆಯನ್ನು ನೆನೆಸಿಕೊಂಡಿದ್ದರೆ ಸಾಕಿತ್ತು. ಅದರ ಮುಚ್ಚಳ ಮೇಲಿರುತ್ತದೆ. ಹುಡುಗರು ಅದನ್ನು ತೆರೆದಿಟ್ಟು ಯಾವ ಕೋನ್ ಎಂದು ಐದು ನಿಮಿಷ ಯೋಚಿಸಿದರೂ ಒಳಗಿನದು ಕರಗುವುದಿಲ್ಲ. ಮನೆಯ ಫ್ರಿಜ್ಜಿನ ಬಾಗಿಲು ತೆರೆದರೆ ಮಾತ್ರ ಪಾದಕ್ಕೆ ತಣ್ಣಗೆ ತಾಕುತ್ತದೆ. ಕಾರಣ ಒಂದೇ, ತಣ್ಣನೆ ಗಾಳಿ ಭಾರ. ಅದು ಮೇಲಕ್ಕೆ ಹಾರದೆ ಕೆಳಗೆ ಕೂರುತ್ತದೆ, ತಡೆ ಇಲ್ಲದ ಕಡೆ ಚೆಲ್ಲುತ್ತದೆ.

ಕತಾರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸೌದ್ ಅಬ್ದುಲ್ ಘನಿ ಮಾಡಿದ್ದು ಇದನ್ನೇ. ಇಡೀ ಸ್ಟೇಡಿಯಂ ತಣಿಸಲು ಅವರು ಹೊರಡಲಿಲ್ಲ. ಮನುಷ್ಯರು ಇರುವ ಎತ್ತರ, ಅಂದರೆ ನೆಲದಿಂದ ಸುಮಾರು ಎರಡು ಮೀಟರ್ ಮಾತ್ರ ಅವರ ಲೆಕ್ಕಕ್ಕೆ ಬಂದದ್ದು. ಮೈದಾನದ ಅಂಚಿನಲ್ಲಿ ದೊಡ್ಡ ಕೊಳವೆಬಾಯಿಗಳು, ಪ್ರೇಕ್ಷಕರ ಸೀಟಿನ ಕೆಳಗೆ ಸಣ್ಣ ಜಾಲರಿಗಳು. ಹೊರಗಿನ ಬಿಸಿಗಾಳಿ ಒಳಗೆ ಬೀಳದಂತೆ ಚಾವಣಿಯ ಅಂಚಿಗೆ, ಗೋಡೆಯ ಬಾಗಿಗೆ ಆಕಾರ ಕೊಟ್ಟರು. ಒಮ್ಮೆ ತಣಿಸಿದ ಗಾಳಿಯನ್ನೇ ಹಿಂದಕ್ಕೆಳೆದು, ಸೋಸಿ, ಮತ್ತೆ ತಣಿಸಿ ಬಿಟ್ಟರು. ಚಳಿ ಎಂದು ಗೊಣಗಿದ ಪ್ರೇಕ್ಷಕರೂ ಇದ್ದರು.

ಎಂಟಕ್ಕೆ ಎಂಟೂ ಸ್ಟೇಡಿಯಂ ಏಸಿಯವು ಎಂದುಕೊಂಡರೆ ಅದೂ ತಪ್ಪೇ. ಹಡಗಿನ ಕಂಟೇನರುಗಳಿಂದ ಕಟ್ಟಿದ ಸ್ಟೇಡಿಯಂ 974ರಲ್ಲಿ ತಣಿಸುವ ವ್ಯವಸ್ಥೆ ಇರಲಿಲ್ಲ. ಅದಕ್ಕೇ ಅಲ್ಲಿ ನಡೆದ ಏಳು ಪಂದ್ಯಗಳೂ ಸ್ಥಳೀಯ ಸಮಯ ಸಂಜೆ 7ಕ್ಕೋ ರಾತ್ರಿ 10ಕ್ಕೋ ಶುರುವಾದವು. ಕಡಲ ಗಾಳಿಯೇ ಅಲ್ಲಿನ ಏಸಿ.

ತಪ್ಪು ಕಲ್ಪನೆ: ಕೃತಕ ಮೋಡ ಹಾರಿಸಿ ನೆರಳು ಮಾಡಿದರು.

ವಾಸ್ತವ: 2011ರಲ್ಲಿ ಅಂಥ ಒಂದು ಯೋಜನೆಯ ಚಿತ್ರ ಹೊರಬಂದದ್ದು ನಿಜ. ಹೀಲಿಯಂ ತುಂಬಿದ, ಸೌರಶಕ್ತಿಯಿಂದ ಓಡಾಡುವ ಹಾರುವ ಚಪ್ಪರ. ಚಿತ್ರ ಚಿತ್ರವಾಗಿಯೇ ಉಳಿಯಿತು.

ತಪ್ಪು ಕಲ್ಪನೆ: ಮರುಭೂಮಿಯದು ಒಣ ಬಿಸಿಲು. ನೆರಳಿದ್ದು ನೀರು ಕುಡಿಯುತ್ತಿದ್ದರೆ ಏನೂ ಆಗದು. ಥರ್ಮಾಮೀಟರ್ ನೋಡಿದರೆ ಸಾಕು.

ವಾಸ್ತವ: ಈ ತಪ್ಪು ಕನ್ನಡಿಗರಾದ ನಾವು ಮಾಡಬಾರದಿತ್ತು. ಬಿಸಿಲು ಬೇರೆ, ಸೆಕೆ ಬೇರೆ ಎಂದು ನಮ್ಮ ಭಾಷೆಗೇ ಗೊತ್ತು. ಕಲಬುರಗಿಯಲ್ಲಿ ಏಪ್ರಿಲಿನ 42 ಡಿಗ್ರಿಯಲ್ಲಿ ಮಣ್ಣಿನ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ, ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ 34 ಡಿಗ್ರಿಯಲ್ಲಿ ಅದೇ ಮಡಕೆಯೂ ಸೋಲುತ್ತದೆ, ಕೂಲರೂ ಸೋಲುತ್ತದೆ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಮಡಕೆಯ ಮೈಯ ನೀರು ಆರುವುದಿಲ್ಲ, ಆರದೆ ತಣಿಯುವುದಿಲ್ಲ. ಮನುಷ್ಯನ ಮೈಯೂ ಮಡಕೆಯೇ. ಬೆವರು ಸುರಿಯುವುದು ಮುಖ್ಯವಲ್ಲ, ಆರುವುದು ಮುಖ್ಯ.

ದೋಹಾ ಮರುಭೂಮಿಯ ನಡುವೆ ಇಲ್ಲ, ಆಳವಿಲ್ಲದ ಬಿಸಿ ಕಡಲಿನ ದಡದಲ್ಲಿದೆ. ಆಗಸ್ಟ್–ಸೆಪ್ಟೆಂಬರಿನಲ್ಲಿ ಅಲ್ಲಿ ಕಲಬುರಗಿಯ ಬಿಸಿಯೂ ಮಂಗಳೂರಿನ ತೇವವೂ ಕೂಡಿಬರುತ್ತವೆ. ನಮ್ಮ ಬೀದಿಯವರೊಬ್ಬರು ಅಲ್ಲಿ ಸ್ಕ್ಯಾಫೋಲ್ಡಿಂಗ್ ಕೆಲಸ ಮಾಡಿ ಬಂದವರು. ಹೆಲ್ಮೆಟ್ಟಿನಡಿ ಒದ್ದೆ ಟವೆಲ್ ಹಾಕಿಕೊಳ್ಳುತ್ತಿದ್ದರಂತೆ. ಅವರ ಲೆಕ್ಕ ಸರಳ: ಹತ್ತು ನಿಮಿಷಕ್ಕೆ ಟವೆಲ್ ಒಣಗಿದರೆ ಅದು ಒಳ್ಳೆಯ ದಿನ, ಮಧ್ಯಾಹ್ನದವರೆಗೂ ಒದ್ದೆಯಾಗೇ ಇದ್ದರೆ ಕೆಟ್ಟ ದಿನ. ವಿಜ್ಞಾನಿಗಳ ಅಳತೆಯೂ ಈ ಟವೆಲ್ಲೇ. ಡಬ್ಲ್ಯುಬಿಜಿಟಿ ಎಂಬ ಸೂಚ್ಯಂಕದಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ನೂರಕ್ಕೆ 70ರಷ್ಟು ತೂಕ, ಬಿಸಿಲಿಗೆ ಇಟ್ಟ ಕಪ್ಪು ಗೋಲದ್ದಕ್ಕೆ 20, ನಾವು ದಿನಾ ನೋಡುವ ಸಾಮಾನ್ಯ ಥರ್ಮಾಮೀಟರಿಗೆ ಬರೀ 10.

ಸಾಕ್ಷಿ ಬೇಕಿದ್ದರೆ 2019ರ ವಿಶ್ವ ಅಥ್ಲೆಟಿಕ್ಸ್ ಇದೆ. ದೋಹಾದ ಖಲೀಫಾ ಸ್ಟೇಡಿಯಂ ಒಳಗೆ ಏಸಿ, ಎಲ್ಲ ಸುಸೂತ್ರ. ಮಹಿಳೆಯರ ಮ್ಯಾರಥಾನನ್ನು ಬಿಸಿಲು ತಪ್ಪಿಸಲು ಸೆಪ್ಟೆಂಬರ್ 27ರ ರಾತ್ರಿ 11.59ಕ್ಕೆ ಕಡಲತೀರದ ರಸ್ತೆಯಲ್ಲಿ ಓಡಿಸಿದರು. ಆಗ ಬಿಸಿಲೆಂಬುದೇ ಇಲ್ಲ. ಆದರೂ ಹೊರಟ 68 ಮಂದಿಯಲ್ಲಿ 28 ಮಂದಿ ಮುಗಿಸಲಾಗದೆ ನಿಂತರು. ನಡುರಾತ್ರಿಯಲ್ಲಿ ಅವರನ್ನು ಕೆಡವಿದ್ದು ಸೆಕೆ.

ತಪ್ಪು ಕಲ್ಪನೆ: ಬಿಸಿಲಿಂದ ಏಸಿಗೆ ಹೋಗಿ ಬಂದೇ ಆಟಗಾರರಿಗೆ ನೆಗಡಿ ಹಿಡಿಯಿತು.

ವಾಸ್ತವ: ಬ್ರೆಜಿಲ್‌ನ ಆಂಟನಿ ಗಂಟಲು ಕೆಟ್ಟಾಗ ಏಸಿಯನ್ನೇ ದೂರಿದರು. ಫ್ರಾನ್ಸ್ ಪಾಳಯದಲ್ಲೂ ಕೊನೆಯ ವಾರ ಕೆಲವರು ಮಲಗಿದರು. ಕೂಡಲೇ ಒಂಟೆ ಜ್ವರ ಎಂಬ ವದಂತಿಯೂ ಹುಟ್ಟಿತು. ತಣ್ಣನೆಯ ಒಣ ಗಾಳಿ ಗಂಟಲನ್ನು ಕೆರಳಿಸುವುದು ನಿಜ, ಅಷ್ಟರ ಮಟ್ಟಿಗೆ ಆಂಟನಿ ಹೇಳಿದ್ದರಲ್ಲಿ ಹುರುಳಿದೆ. ಆದರೆ ನೆಗಡಿ ತರುವುದು ವೈರಸ್. ಇಪ್ಪತ್ತಾರು ಆಟಗಾರರು ಒಂದೇ ಹೋಟೆಲು, ಒಂದೇ ಬಸ್ಸು, ಒಂದೇ ಊಟದ ಮೇಜು ಹಂಚಿಕೊಂಡರೆ ಅದಕ್ಕೆ ಏಸಿಯ ಸಹಾಯ ಬೇಕಿಲ್ಲ.

ತಪ್ಪು ಕಲ್ಪನೆ: ಫುಟ್‌ಬಾಲಿಗೆ ಬಿಸಿಯ ಕಾಟ ಶುರುವಾದದ್ದೇ ಕತಾರಿನಿಂದ.

ವಾಸ್ತವ: ಮರಡೋನಾ ಕೈಯಲ್ಲಿ ಹೊಡೆದ ಆ ಗೋಲು ನಮಗೆಲ್ಲ ನೆನಪಿದೆ. 1986ರ ಜೂನ್ 22ರ ಆ ಪಂದ್ಯ ಮೆಕ್ಸಿಕೊ ನಗರದಲ್ಲಿ ಶುರುವಾದದ್ದು ನಡು ಮಧ್ಯಾಹ್ನ 12ಕ್ಕೆ ಎಂಬುದು ಯಾರಿಗೂ ನೆನಪಿಲ್ಲ. ಯುರೋಪಿನ ಟಿವಿಗೆ ಅದು ಸಂಜೆ. 1970ರ ಮೆಕ್ಸಿಕೊದಲ್ಲೂ ಇದೇ ಲೆಕ್ಕ. 1994ರ ಫೈನಲ್ ಕ್ಯಾಲಿಫೋರ್ನಿಯದ ಪಾಸಡೀನಾದಲ್ಲಿ ಜುಲೈ ತಿಂಗಳ ಮಧ್ಯಾಹ್ನ 12.30ಕ್ಕೆ. 2014ರಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ನೆದರ್ಲೆಂಡ್ಸ್–ಮೆಕ್ಸಿಕೊ ಪಂದ್ಯವನ್ನು ನೀರು ಕುಡಿಯಲು ಅಧಿಕೃತವಾಗಿ ನಿಲ್ಲಿಸಬೇಕಾಯಿತು. ಆ ಟೂರ್ನಿಯ ಪಂದ್ಯಗಳನ್ನೆಲ್ಲ ಅಳೆದ ಅಧ್ಯಯನವೊಂದು ಸೊಗಸಾದ ಸಂಗತಿ ಕಂಡುಕೊಂಡಿತು: ಸೆಕೆ ಹೆಚ್ಚಿದ್ದ ದಿನ ಆಟಗಾರರ ವೇಗದ ಓಟ ಕಡಿಮೆಯಾಗಿತ್ತು, ಆದರೆ ಪಾಸುಗಳು ಹೆಚ್ಚು ನಿಖರವಾಗಿದ್ದವು. ಓಡಲಾಗದವರು ಚೆಂಡನ್ನು ಓಡಿಸಿದರು.

2025ರ ಜೂನಿನಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಕ್ಲಬ್ ವಿಶ್ವಕಪ್ ಪಂದ್ಯ ನಡೆಯುವಾಗ ಬೊರುಸಿಯಾ ಡಾರ್ಟ್‌ಮಂಡ್ ತಂಡದ ಬದಲಿ ಆಟಗಾರರು ಬೆಂಚಿನ ಮೇಲೆ ಕೂರಲಾರದೆ ಡ್ರೆಸ್ಸಿಂಗ್ ಕೋಣೆಯಲ್ಲಿ ಕೂತು ಆಟ ನೋಡಿದರು. 2026ರ ವಿಶ್ವಕಪ್ಪಿನ ಪ್ರತಿ ಪಂದ್ಯದ ಎರಡೂ ಅರ್ಧಗಳಲ್ಲಿ ಮೂರು ನಿಮಿಷದ ನೀರಿನ ಬಿಡುವು ಎಂದು ಫಿಫಾ ಘೋಷಿಸಿದ್ದು ಇದಾದ ಆರು ತಿಂಗಳಿಗೆ. ಅಮೆರಿಕಕ್ಕೆ ಕೊಟ್ಟಿದ್ದರೆ ಇದೆಲ್ಲ ಇರುತ್ತಿರಲಿಲ್ಲ ಎಂದು 2010ರಲ್ಲಿ ವಾದಿಸಿದವರಲ್ಲಿ ನಾವೂ ಇದ್ದೆವು.

ತಪ್ಪು ಕಲ್ಪನೆ: ಪರಿಸರ ಕೆಟ್ಟದ್ದೆಲ್ಲ ಆ ಏಸಿಯಿಂದ.

ವಾಸ್ತವ: ಟೂರ್ನಿಯ ಲೆಕ್ಕಕ್ಕೆ 36 ಲಕ್ಷ ಟನ್ ಇಂಗಾಲದ ಹೊಗೆ ಎಂದು ಸಂಘಟಕರೇ ಅಂದಾಜಿಸಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಯಾಣದ್ದು, ಮುಖ್ಯವಾಗಿ ವಿಮಾನಗಳದ್ದು. ಹಾಗೆಂದು ಇಂಗಾಲ ಶೂನ್ಯ ಎಂಬ ಫಿಫಾದ ಹೇಳಿಕೆಯೂ ನಿಲ್ಲಲಿಲ್ಲ. ಸ್ವಿಟ್ಜರ್ಲೆಂಡಿನ ಜಾಹೀರಾತು ನ್ಯಾಯಮಂಡಳಿ 2023ರಲ್ಲಿ ಅದನ್ನು ದಾರಿ ತಪ್ಪಿಸುವ ಮಾತು ಎಂದಿತು.

ತಪ್ಪು ಕಲ್ಪನೆ: ಸ್ಟೇಡಿಯಂ ಕಟ್ಟುವಾಗ 6,500 ಕಾರ್ಮಿಕರು ಸತ್ತರು. ಇನ್ನೊಂದು ಪಕ್ಷದ ಪ್ರಕಾರ ಸತ್ತದ್ದು ಮೂವರೇ.

ವಾಸ್ತವ: ಎರಡನ್ನೂ ನಾವು ಬೇರೆಬೇರೆ ದಿನ ನಂಬಿದ್ದೆವು. ಎರಡೂ ಸಂಖ್ಯೆಗಳಿಗೆ ಮೂಲವಿದೆ, ಎರಡಕ್ಕೂ ನಾವು ಕೊಟ್ಟ ಅರ್ಥ ತಪ್ಪು.

2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಸರಕಾರಿ ದಾಖಲೆಗಳನ್ನು ಕೂಡಿಸಿ ಕೊಟ್ಟ ಲೆಕ್ಕ ಇದು: 2010ರಿಂದ 2020ರವರೆಗೆ ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳಿಂದ ಹೋಗಿ ಕತಾರಿನಲ್ಲಿ ಸತ್ತವರು 6,500ಕ್ಕೂ ಹೆಚ್ಚು. ಅವರಲ್ಲಿ 2,711 ಮಂದಿ ಭಾರತೀಯರು. ಎಲ್ಲ ಕಾರಣದ, ಎಲ್ಲ ಕಸುಬಿನವರ ಸಾವು ಅದರಲ್ಲಿ ಸೇರಿದೆ. ಅಂಗಡಿಯವರು, ಡ್ರೈವರ್‌ಗಳು, ಕಚೇರಿಯವರೂ ಇದ್ದಾರೆ. ಸ್ಟೇಡಿಯಂ ಸಾವೆಂದು ಪತ್ರಿಕೆ ಬರೆದಿರಲಿಲ್ಲ, ಓದಿದ ನಾವು ಹಾಗೆ ಮಾಡಿಕೊಂಡೆವು.

ಸಂಘಟಕರ ಲೆಕ್ಕದಲ್ಲಿ ಸ್ಟೇಡಿಯಂ ಕಾರ್ಮಿಕರ ಸಾವು 40, ಅದರಲ್ಲಿ ಕೆಲಸಕ್ಕೆ ಸಂಬಂಧಿಸಿದ್ದು ಮೂರು. ಆದರೆ ವಿಶ್ವಕಪ್ಪಿಗೆಂದು ಕಟ್ಟಿದ್ದು ಸ್ಟೇಡಿಯಂ ಮಾತ್ರವೇ? ಮೆಟ್ರೊ, ರಸ್ತೆ, ಹೋಟೆಲು, ಲುಸೈಲ್ ಎಂಬ ಹೊಸ ನಗರ ಯಾವುದೂ ಆ ಲೆಕ್ಕಕ್ಕಿಲ್ಲ. 2022ರ ನವೆಂಬರಿನಲ್ಲಿ ಸಂಘಟನೆಯ ಮುಖ್ಯಸ್ಥ ಹಸನ್ ಅಲ್ ಥವಾದಿ ಟಿವಿ ಸಂದರ್ಶನದಲ್ಲಿ 400ರಿಂದ 500 ಎಂದುಬಿಟ್ಟರು. ಅದು 2014ರಿಂದ 2020ರವರೆಗಿನ ಎಲ್ಲ ವಲಯಗಳ ಕೆಲಸದ ಸಾವು, 414 ಎಂದು ಆಮೇಲೆ ಅವರ ಸಮಿತಿ ವಿವರಿಸಿತು.

ಇನ್ನೂ ಗಂಟಾದದ್ದು ಕೆಲಸಕ್ಕೆ ಸಂಬಂಧಿಸಿದ್ದು ಎಂಬ ಪದ. ಮೂವತ್ತು ದಾಟದ, ಹೊರಡುವ ಮುನ್ನ ವೈದ್ಯಕೀಯ ತಪಾಸಣೆಯಲ್ಲಿ ಪಾಸಾದ ಹುಡುಗ ಹಗಲಿಡೀ ಬಿಸಿಲಲ್ಲಿ ದುಡಿದು, ರಾತ್ರಿ ಕ್ಯಾಂಪಿನಲ್ಲಿ ಮಲಗಿ ಬೆಳಿಗ್ಗೆ ಏಳುವುದಿಲ್ಲ. ಮರಣಪತ್ರದಲ್ಲಿ ಸಹಜ ಸಾವು ಅಥವಾ ಹೃದಯ ಸ್ತಂಭನ ಎಂದಿರುತ್ತದೆ, ಮರಣೋತ್ತರ ಪರೀಕ್ಷೆ ಇರುವುದಿಲ್ಲ. ಸಹಜ ಎಂದ ಮೇಲೆ ಪರಿಹಾರವೂ ಇಲ್ಲ. ಇಂಥ ಪ್ರಕರಣಗಳನ್ನು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ 2021ರಲ್ಲಿ ದಾಖಲಿಸಿತು. ಅದಕ್ಕೂ ಮೊದಲು, 2019ರಲ್ಲಿ, ಹೃದ್ರೋಗದ ವೈದ್ಯಪತ್ರಿಕೆಯೊಂದು 2009ರಿಂದ 2017ರವರೆಗೆ ಕತಾರಿನಲ್ಲಿ ಸತ್ತ ನೇಪಾಳಿ ಕಾರ್ಮಿಕರ ಅಧ್ಯಯನ ಪ್ರಕಟಿಸಿತ್ತು. ಹೃದಯದ ಕಾರಣದ ಸಾವು ಬಿಸಿ ತಿಂಗಳುಗಳಲ್ಲಿ ಏರುತ್ತಿತ್ತು. ಅಂಥ 571 ಸಾವುಗಳಲ್ಲಿ ಸುಮಾರು 200ನ್ನು ಬಿಸಿಯಿಂದ ರಕ್ಷಣೆ ಕೊಟ್ಟಿದ್ದರೆ ತಪ್ಪಿಸಬಹುದಿತ್ತು ಎಂದು ಅಂದಾಜಿಸಿತ್ತು.

ಏನೂ ಬದಲಾಗಲಿಲ್ಲ ಎನ್ನುವುದೂ ನ್ಯಾಯವಲ್ಲ. 2021ರಲ್ಲಿ ಕತಾರ್ ಬೇಸಿಗೆಯ ಹೊರಗೆಲಸ ನಿಷೇಧವನ್ನು ಬೆಳಿಗ್ಗೆ 10ರಿಂದ 3.30ರವರೆಗೆ, ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ವಿಸ್ತರಿಸಿತು. ಡಬ್ಲ್ಯುಬಿಜಿಟಿ 32.1 ದಾಟಿದರೆ ಯಾವ ಹೊತ್ತಾದರೂ ಕೆಲಸ ನಿಲ್ಲಬೇಕೆಂದಿತು. ಟವೆಲ್ಲಿನ ಲೆಕ್ಕ ಕಾನೂನಾಯಿತು, ಆದರೆ ಸ್ಟೇಡಿಯಂಗಳೆಲ್ಲ ಬಹುಮಟ್ಟಿಗೆ ಎದ್ದು ನಿಂತ ಮೇಲೆ.

ತಪ್ಪು ಕಲ್ಪನೆ: ನಮ್ಮವರು ಬಿಸಿಲಲ್ಲೇ ಹುಟ್ಟಿ ಬೆಳೆದವರು, ಅವರಿಗೆ ಏನೂ ಆಗುವುದಿಲ್ಲ.

ವಾಸ್ತವ: ಮೈ ಒಗ್ಗುವುದು ನಿಜ. ಹತ್ತು ಹದಿನಾಲ್ಕು ದಿನ ದುಡಿದರೆ ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ, ಉಪ್ಪು ಕಡಿಮೆ ಹೋಗುತ್ತದೆ. ಕೆಲವು ವಾರ ಬಿಟ್ಟರೆ ಆ ಒಗ್ಗಿಕೆ ಕರಗಿಯೂ ಹೋಗುತ್ತದೆ. ರಜೆಗೆ ಮಳೆಗಾಲದ ಊರಿಗೆ ಬಂದು ಎರಡು ತಿಂಗಳ ಮೇಲೆ ಮರಳಿದವನು ಸೈಟಿನಲ್ಲಿ ಹೊಸಬನೇ. ಮತ್ತೆ, ಆರದ ಬೆವರಿಗೆ ಯಾವ ಊರಿನ ಮೈಯೂ ಒಗ್ಗುವುದಿಲ್ಲ.

ತಪ್ಪು ಕಲ್ಪನೆ: ಬಿಸಿಲಿಗೆ ಬಿದ್ದವನ ಮೈಮೇಲೆ ತಣ್ಣೀರು ಹೊಯ್ದರೆ ಜೀವ ಹೋಗುತ್ತದೆ.

ವಾಸ್ತವ: ನಮ್ಮ ಹಿರಿಯರು ಹೇಳಿದ್ದು, ನಾವು ಪಾಲಿಸಿದ್ದು. ಹೊಲದಿಂದ ಬಂದವರು ಸ್ವಲ್ಪ ಕೂತು ಆರಿಸಿಕೊಳ್ಳಲಿ ಎಂಬ ಕಾಳಜಿ ಅದರಲ್ಲಿದೆ, ಅದಕ್ಕೆ ತಕರಾರಿಲ್ಲ. ಆದರೆ ಓಡಿಯೋ ದುಡಿದೋ ಮೈ ಕೆಂಡವಾಗಿ, ಮಾತು ತೊದಲಿ, ಪ್ರಜ್ಞೆ ತಪ್ಪುತ್ತಿದ್ದರೆ ಅದು ಬರೀ ಆಯಾಸವಲ್ಲ, ಹೀಟ್ ಸ್ಟ್ರೋಕ್. ಕಾಯುವ ಒಂದೊಂದು ನಿಮಿಷವೂ ಮಿದುಳನ್ನು ಸುಡುತ್ತದೆ. ದೊಡ್ಡ ಓಟಗಳಲ್ಲಿ ಗುರಿಯ ಬಳಿ ಐಸ್ ನೀರಿನ ತೊಟ್ಟಿ ಇಡುವುದು ಇದಕ್ಕೇ. ಕ್ರೀಡಾವೈದ್ಯರ ನಿಯಮ: ಮೊದಲು ತಣಿಸು, ಆಮೇಲೆ ಆಸ್ಪತ್ರೆಗೆ ಸಾಗಿಸು.

ತಪ್ಪು ಕಲ್ಪನೆ: 2034ರ ವಿಶ್ವಕಪ್ ಸೌದಿ ಅರೇಬಿಯಕ್ಕೆ ಹೋದರೂ ಚಿಂತೆಯಿಲ್ಲ. ಕತಾರಿನಂತೆ ನವೆಂಬರ್–ಡಿಸೆಂಬರಿಗೆ ತಳ್ಳಿದರಾಯಿತು.

ವಾಸ್ತವ: ಚಾಂದ್ರಮಾನದ ಲೆಕ್ಕದಲ್ಲಿ 2034ರ ರಂಜಾನ್ ಬರುವುದು ನವೆಂಬರ್ ನಡುಭಾಗದಿಂದ ಡಿಸೆಂಬರ್ ಎರಡನೇ ವಾರದವರೆಗೆ. ಫೆಬ್ರವರಿಯಲ್ಲಿ ಸಾಲ್ಟ್ ಲೇಕ್ ಸಿಟಿಯ ಚಳಿಗಾಲದ ಒಲಿಂಪಿಕ್ಸ್, ಅದರ ಬೆನ್ನಿಗೆ ಹಜ್. ತಂಪಾದ ದಿನಗಳಲ್ಲಿ ಖಾಲಿ ಉಳಿಯುವುದು ಹೆಚ್ಚುಕಡಿಮೆ ಜನವರಿ. ಆಟಕ್ಕೆ ಹೇಗೋ ಒಂದು ತಿಂಗಳು ಹುಡುಕುತ್ತಾರೆ. ಬಿಡ್ ಪ್ರಕಾರ ಬೇಕಾದ 15 ಸ್ಟೇಡಿಯಂಗಳಲ್ಲಿ 11 ಹೊಸದಾಗಿ ಕಟ್ಟಬೇಕಾದವು, ಮತ್ತು ಕಟ್ಟಡದ ಕೆಲಸ ಜೂನ್ ತಿಂಗಳಲ್ಲೂ ನಡೆಯುತ್ತದೆ. ಅಲ್ಲಿನ ಬೇಸಿಗೆಯ ಕೆಲಸ ನಿಷೇಧ ಮಧ್ಯಾಹ್ನ 12ರಿಂದ 3ರವರೆಗೆ. ಕತಾರಿನಲ್ಲಿ ಈಗ ನಿಷೇಧ ಇರುವ ಬೆಳಗಿನ 11 ಗಂಟೆಗೆ ಸೌದಿಯ ಸೈಟಿನಲ್ಲಿ ಕೆಲಸ ನಡೆದೇ ಇರುತ್ತದೆ.